ನೈವೇದ್ಯದ ಹೊತ್ತಿನ ಚಿಲಕ

ಇವತ್ತು ಬೆಳಿಗ್ಗೆ ಕರೆಂಟು ಹೋಗಿ, ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ನಡುವೆಯೇ ನಿಂತಿತು. ಒಳಗೆ ನಾನೊಬ್ಬಳೇ. ಕತ್ತಲಲ್ಲಿ, ಪೂಜೆಗೆಂದು ಚೀಲದಲ್ಲಿ ತಂದಿದ್ದ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ರಾಜಾಜಿನಗರದ ಅಜ್ಜಿ ಮನೆಯ ದೇವರಕೋಣೆ ನೆನಪಾಯಿತು.

ಅಜ್ಜಿ ನೈವೇದ್ಯ ಇಟ್ಟು, ಹೊರಗಿನಿಂದ ಚಿಲಕ ಹಾಕಿ ಕೂರುತ್ತಿದ್ದಳು. ದೇವರು ಊಟ ಮಾಡುವಾಗ ಯಾರ ಕಣ್ಣೂ ಬೀಳಬಾರದು, ಸದ್ದಾದರೆ ಅವನು ಅರ್ಧಕ್ಕೇ ಎದ್ದುಬಿಡುತ್ತಾನೆ ಎಂಬುದು ಅವಳ ನಂಬಿಕೆ. ಒಂದು ದಿನ ಕಣ್ಣಾಮುಚ್ಚಾಲೆ ಆಡುತ್ತಾ ನಾನು ಮಂಟಪದ ಹಿಂದೆ ಅಡಗಿದ್ದೆ. ಅವಳು ಗಮನಿಸದೆ ಚಿಲಕ ಹಾಕಿಬಿಟ್ಟಳು. ಕೂಗುವಂತಿಲ್ಲ. ದೀಪದ ಹೊಗೆಗೆ ಗಂಟಲು ಕೆರೆಯುತ್ತಿದ್ದರೂ ಕೆಮ್ಮುವಂತಿಲ್ಲ. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು, ಪಾಯಸದ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಾ ಕೂತೆ.

ಬಾಗಿಲು ತೆರೆದಾಗ ಅಜ್ಜಿಯ ಸೆರಗು ಹಿಡಿದು ಅತ್ತುಬಿಟ್ಟೆ. "ಒಬ್ಬಳೇ ಇದ್ದೆ ಅಜ್ಜಿ, ಭಯ ಆಯ್ತು."

"ಒಬ್ಬಳೇ ಎಲ್ಲಿದ್ಯೇ? ನಿನ್ನ ಜೀವದೊಳಗೆ ಪರಮಾತ್ಮ ಇದಾನಲ್ಲ, ಅವನೂ ನಿನ್ ಜೊತೆ ಸಿಕ್ಕಾಕೊಂಡಿದ್ದ ಕಣೇ."

"ಮತ್ತೆ ಅವನ್ಯಾಕೆ ಬಾಗಿಲು ತೆಗೀಲಿಲ್ಲ?"

ಅಜ್ಜಿ ನನ್ನ ಮುಖ ನೋಡಿದಳು, ಆಮೇಲೆ ಚಿಲಕ ನೋಡಿದಳು. ಮಾರನೆಯ ದಿನದಿಂದ ಬಾಗಿಲನ್ನು ಬರೀ ಮುಂದೆ ಮಾಡುತ್ತಿದ್ದಳು, ಚಿಲಕ ಹಾಕುತ್ತಿರಲಿಲ್ಲ.

"ಮೇಡಂ, ಒಳಗೆ ಎಷ್ಟು ಜನ ಇದೀರಾ?" ಲಿಫ್ಟಿನ ಹೊರಗಿನಿಂದ ವಾಚ್‌ಮನ್ ಕೂಗಿದ.

ಒಬ್ಬಳೇ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ಬೇಗ ತೆಗೀರಿ ಅಣ್ಣ" ಎಂದೆನಷ್ಟೆ.