ಗೊಟ್ಟ ಮತ್ತು ಉಗಾರಿತ್ತಿನ ಕುದುರೆ

ನಮ್ಮ ಹೊಳೆನರಸೀಪುರದ ಮನೆಯ ಸೂರಿನಲ್ಲಿ ಒಂದು ಗೊಟ್ಟ ಸಿಕ್ಕಿಸಿರುತ್ತಿತ್ತು. ದನಕರುಗಳಿಗೆ ಔಷಧಿ ಕುಡಿಸಲು ತುದಿಯನ್ನು ಓರೆಯಾಗಿ ಕೊಯ್ದ ಆ ಬಿದಿರಿನ ಕೊಳವೆಗೆ, ಎಷ್ಟೋ ಮೂಕಪ್ರಾಣಿಗಳ ಹಲ್ಲು ತಾಗಿ ತಾಗಿ, ಹೊಳಪು ಬಂದಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಉಗಾರಿತ್ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹಾಸನದ ಪಾದ್ರಿ ಮಿತ್ರರೊಬ್ಬರು ನನಗೆ ಹೀಬ್ರೂ ಅಕ್ಷರ ತಿದ್ದಿಸಿ, ಸಿರಿಯಾದ ಕಡಲಂಚಿನ ಉಗಾರಿತ್ ಎಂಬ ಹಾಳೂರಿನಲ್ಲಿ ಅಗೆದು ತೆಗೆದ, ಹೀಬ್ರೂವಿಗೆ ಹತ್ತಿರದ ನುಡಿಯಲ್ಲಿ ಬರೆದ ಮಣ್ಣಿನ ಹಲಗೆಗಳ ಪುಸ್ತಕವೊಂದನ್ನು ಓದಲು ಕೊಟ್ಟಿದ್ದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ಒಂದು ಹಲಗೆಯಲ್ಲಿ ಕುದುರೆಗೆ ಮದ್ದು ಮಾಡುವ ಕ್ರಮವಿತ್ತು. ಆದರೆ ಯಾವ ರೋಗಕ್ಕೆ ಎಂದು ತಿಳಿಸುವ ಪದವೇ ವಿವಾದದಲ್ಲಿತ್ತು. ಕುದುರೆ ನರಳಿದರೆ ಎಂದು ಒಬ್ಬ ಪಂಡಿತ, ಲದ್ದಿ ಕಟ್ಟಿದರೆ ಎಂದು ಇನ್ನೊಬ್ಬ. ನಾನೂ ಜಗಲಿಯಲ್ಲಿ ಕೂತು ಆ ಪದದ ಬೆನ್ನು ಹತ್ತಿದ್ದೆ. ಕೆಲಸವಿಲ್ಲದ ಬಡಗಿಯ ಗಾದೆಯನ್ನು ಅಣ್ಣ ನನಗಾಗಿಯೇ ಇಟ್ಟುಕೊಂಡಿದ್ದ.

ಅವನು ಗೌರಿಯೆಂಬ ಕುದುರೆಯ ಗಾಡಿಯಲ್ಲಿ ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಿಗೆ ಬೆಲ್ಲ ಸಾಗಿಸಿ ನಮ್ಮೆಲ್ಲರ ಸಂಸಾರ ನಡೆಸುತ್ತಿದ್ದ. ಒಂದು ಬೆಳಿಗ್ಗೆ ಗೌರಿ ಹೊಟ್ಟೆ ಉಬ್ಬಿಸಿಕೊಂಡು ನೆಲಕ್ಕೆ ಬಿತ್ತು. ಕೊಟ್ಟಿಗೆಯ ಪ್ರಾಣಿ ಹುಲ್ಲಿಗೆ ಬಾಯಿ ಹಾಕುವವರೆಗೆ ಮನೆಯವರು ಉಣ್ಣಬಾರದೆಂಬುದು ನಮ್ಮಲ್ಲಿ ನಡೆದುಬಂದ ಕಟ್ಟಳೆ. ಅವ್ವ ಒಲೆಗೆ ನೀರು ಚಿಮುಕಿಸಿ ಕೂತಳು.

ಮಧ್ಯಾಹ್ನ ಅಣ್ಣ ಸೋತ ಮುಖದಲ್ಲಿ ನನ್ನ ಹತ್ತಿರ ಬಂದ.

"ಲೇ, ಆ ನಿನ್ ಬುಕ್ಕಲ್ಲಿ ಕುದ್ರೆ ಇಚಾರ ಐತೆ ಅಂತಿದ್ಯಲ್ಲ, ಏನಾದ್ರೂ ಯೋಳ್ಲಾ."

"ಅದ್ರಲ್ಲಿ ಕಾಯ್ಲೆ ಯಾವ್ದು ಅಂತ್ಲೇ ಜಗಳ ಕಣಣ್ಣ. ನರಳೋದೋ, ಲದ್ದಿ ಕಟ್ಟಿರೋದೋ ಅಂತ."

ಅವನು ಗೌರಿಯ ಕಡೆ ನೋಡಿದ. "ಎಲ್ಡೂ ಇಲ್ಲೇ ಐತಲ್ಲೋ," ಎಂದ. ಅವನ ಕಣ್ಣು ತುಂಬಿತ್ತು.

ಅಂಗಳದಲ್ಲಿ ಮೂರು ಕಲ್ಲು ಹೂಡಿ ಓಮ, ಶುಂಠಿ, ಇಂಗು ಕುದಿಸಿದ ಕಷಾಯ ಆರಿತು. ನಾನು ಗೌರಿಯ ತಲೆ ಎತ್ತಿ ಹಿಡಿದೆ, ಅಣ್ಣ ಗೊಟ್ಟದಲ್ಲಿ ಕಷಾಯ ತುಂಬಿ ಅದರ ಬಾಯಿಗೆ ಹೊಯ್ದ. ಆಮೇಲೆ ಕಾಯುವುದೊಂದೇ ಉಳಿಯಿತು. ಬಿಸಿಲು ಇಳಿಯುವಾಗ ಗೌರಿ ಎದ್ದು ನಿಂತು ಲದ್ದಿ ಹಾಕಿತು. ಬದುಕಿನಲ್ಲಿ ಬೇರಾವ ವಸ್ತುವನ್ನೂ ನಾನು ಅಷ್ಟು ಸಂತೋಷದಿಂದ ನೋಡಿದ್ದಿಲ್ಲ. ಅದು ಹುಲ್ಲಿಗೆ ಬಾಯಿ ಹಾಕಿದ್ದನ್ನು ಕಂಡು ಅವ್ವ ಒಲೆ ಹೊತ್ತಿಸಿದಳು.

ಆ ಪದದ ಜಗಳ ಹಾಗೇ ಉಳಿಯಿತು. ನನಗೆ ಮಾತ್ರ ಆ ಚಿಂತೆ ಹೋಗಿ ಎದೆ ಹಗುರವಾಯಿತು. ಆ ಪದವನ್ನು ಹಸಿಮಣ್ಣಿನಲ್ಲಿ ಒತ್ತಿದವನಿಗೆ ಯಾವ ಸಂದೇಹವೂ ಇದ್ದಿರಲಾರದು, ಏಕೆಂದರೆ ಅವನ ಕಣ್ಣೆದುರಿಗೂ ಒಂದು ಕುದುರೆ ಹೀಗೆಯೇ ಒದ್ದಾಡಿರಬೇಕು.

ಅಣ್ಣ ಗೊಟ್ಟವನ್ನು ತೊಳೆದು ಸೂರಿಗೆ ಸಿಕ್ಕಿಸಿ ಬಂದು ಊಟಕ್ಕೆ ಕೂತ. ಮೊದಲ ತುತ್ತಿಗೆ ಮುಂಚೆ ಕೇಳಿದ:

"ಲೇ, ಅವ್ರ ಕುದ್ರೆ ಬದುಕ್ತಾ?"

"ಬರ್ದಿಲ್ಲ ಕಣಣ್ಣ."

"ಬದುಕಿರ್ತದೆ ಬುಡು," ಎಂದು ಅಣ್ಣ ಮುದ್ದೆ ಮುರಿದ.