ಫರಸಿಯ ಮೇಲೆ ಟೆನಿಸ್

ನನ್ನ ತಮ್ಮ ಕಾಶಿನಾಥ ಐವತ್ತೆರಡನೇ ವಯಸ್ಸಿಗೆ ಟೆನಿಸ್ ಕಲಿಯಲು ಹೊರಟದ್ದು ಆಟದ ಆಸೆಯಿಂದಲ್ಲ, ಹೊಟ್ಟೆಯ ಉರಿಯಿಂದ. ತಾಂಡೂರಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಮೂರು ಮಿಷನ್ನು ಅವನವು. ಊರೆಲ್ಲ ಅವನನ್ನು ಸಾವಕಾರ ಎನ್ನುತ್ತಿತ್ತು. ಸಿಮೆಂಟ್ ಕಾರ್ಖಾನೆಯ ಕಾಲೋನಿಯ ಕ್ಲಬ್ಬಿನವರು ಮಾತ್ರ ಅನ್ನಲಿಲ್ಲ. ಒಂದು ಸಂಜೆ ಅವರ ಟೆನಿಸಿನಲ್ಲಿ ತಾನೂ ಒಬ್ಬನಾಗಲು ಹೋದವನಿಗೆ ಅಲ್ಲಿಯ ಇಂಜಿನಿಯರು, "ಮೊದಲು ಚೆಂಡು ಆರಿಸಿ ಕೊಡ್ರಿ, ಆಮ್ಯಾಲ ನೋಡೋಣು," ಎಂದು ನಕ್ಕನಂತೆ. ಇವನು ಆಟ ಮುಗಿಯುವವರೆಗೂ ಬಿದ್ದ ಚೆಂಡು ಆರಿಸಿ ಕೊಟ್ಟು ಬಂದ. ಮರುದಿನ ಎದ್ದವನೇ ನನ್ನೆದುರು ಹೇಳಿದ:

"ಅಕ್ಕಾ, ಆ ಮಗನ ಮ್ಯಾಲ ಒಂದೇ ಒಂದ್ ಗೇಮ್ ಗೆಲ್ತೀನಿ. ಅದೂ ನನ್ನ ಮನ್ಯಾಗ ಕರಸಿ."

ಗೇಮ್ ಎಂದರೆ ಇಡೀ ಆಟವಲ್ಲ, ಅದರದೊಂದು ತುಂಡು ಎಂದು ನನಗೆ ತಿಳಿದದ್ದು ಆಮೇಲೆ. ಅವನಿಗೆ ಆ ತುಂಡು ಸಾಕಾಗಿತ್ತು.

ಹಿತ್ತಲ ತುಂಬ ಕನ್ನಡಿಯಂಥ ನೀಲಿ ಫರಸಿ ಹಾಸಿಸಿದ. ಕಲಿಸಲು ಜಹೀರಾಬಾದಿನಿಂದ ಅನಿಲಕುಮಾರ ಬಂದ. ಕಂಗ್ಟಿ ಕಡೆಯ ಕುರಿ ಸಾಕುವವರ ಮಗ, ಶಾಲೆಯಲ್ಲಿ ಆಟದ ಮಾಸ್ತರ. ನೆಲ ನೋಡಿದ್ದೇ ಗಾಬರಿಯಾದ.

"ಸಾವಕಾರ್ರ, ಇದಕ್ಕ ಮಣ್ಣಿನ ನೆಲ ಬೇಕ್ರಿ. ಇದರ ಮ್ಯಾಲ ಕಾಲು ಜಾರ್ತದ."

"ತಾಂಡೂರ ಕಲ್ಲಿಗಿ ಹೆಸರಿಡ್ತಿ? ನಿಮ್ಮಪ್ಪ ಕುರಿ ಕಾಯ್ದ, ನೀ ಚೆಂಡು ಕಾಯಿ. ಕಲ್ಲಿನ ಮಾತು ನನಗ ಬಿಡು."

ಕಾಶಿ ಬ್ಯಾಟನ್ನು ಕಲ್ಲೊಡೆಯುವ ಸುತ್ತಿಗೆಯಂತೆ ಎತ್ತಿ ಬಡಿಯುತ್ತಿದ್ದ. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಹಾರಿ ಗದ್ದಕ್ಕೆ ಬಡಿಯುತ್ತಿತ್ತು. ಅದನ್ನು ಬಟ್ಟೆಯಲ್ಲಿ ಎದೆಗೆ ಬಿಗಿದು ಕಟ್ಟಿಕೊಂಡ. ಏಟು ತಪ್ಪಿದಾಗೆಲ್ಲ ಬೈಗುಳ ಮಾಸ್ತರನಿಗೆ. ನಾನು ಮಾಸ್ತರನಿಗೆ ಚಹಾ ಕೊಡಲು ಹೋದರೆ, "ಅಂವಗ ನಮ್ಮ ಗ್ಲಾಸಿನಾಗ ಬ್ಯಾಡ," ಎಂದು ಅವನಿಗೆ ಕೇಳುವಂತೆಯೇ ಹೇಳುತ್ತಿದ್ದ. ಅನಿಲ ತಲೆ ಎತ್ತದೆ, "ಚೆಂಡು ಬರ್ಲಿ ಬಿಡ್ರಿ, ನೀವೇ ಅದರ ಮ್ಯಾಲ ಬೀಳಬ್ಯಾಡ್ರಿ," ಎಂದು ಮತ್ತೆ ಮತ್ತೆ ತೋರಿಸಿ ಕೊಡುತ್ತಿದ್ದ. ಎಂಟು ತಿಂಗಳಿಗೆ ನನ್ನ ತಮ್ಮನ ಕೈಯಿಂದ ಚೆಂಡು ಅನಿಲ ಹೇಳಿದ ಕಡೆ ಹೋಗತೊಡಗಿತು.

ಇಂಜಿನಿಯರನಿಗೆ ಕರೆ ಹೋಯಿತು. ಅವನು ಬರುವ ದಿನ ಬೆಳಿಗ್ಗೆ ಕಾಶಿ ನನಗೆ, "ಕಲ್ಲು ತೊಳಿ, ಮುಖ ಕಾಣಬೇಕು," ಎಂದ.

"ಅವರು ಬರೂದ್ರೊಳಗ ಒಣಗೂದಿಲ್ಲೋ."

"ತೊಳಿ ಅಂದ್ರ ತೊಳಿ. ನಿನಗೇನ್ ತಿಳೀತದ?"

ತೊಳೆದೆ. ಅನಿಲ ಅಂಚು ಒರೆಸಿ ಸುಣ್ಣದ ಗೆರೆ ಎಳೆದ. ಇಂಜಿನಿಯರು ಬಂದಾಗ ನಾನಿನ್ನೂ ಕಸಬರಿಗೆ ಹಿಡಿದು ನೀರು ಬಳಿಯುತ್ತಿದ್ದೆ. "ಯಾರು ಇವರು?" ಎಂದು ಕೇಳಿದ.

"ಮನಿ ಕೆಲಸದಾಕಿ," ಎಂದ ನನ್ನ ತಮ್ಮ.

ಅವ್ವ ಸತ್ತಾಗ ಅವನಿಗೆ ಎರಡು ವರ್ಷ. ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಗಂಡ ಹೋದ ಮೇಲೆ ಹದಿನಾರು ವರ್ಷ ಅವನ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ. ಅನಿಲ ನನ್ನ ಮುಖ ನೋಡಿದ. ನಾನು ಇಂಜಿನಿಯರನ ಬೆನ್ನ ಹಿಂದಿನ ಗೋಡೆಗೆ ಹೋಗಿ ನಿಂತೆ.

ಮೊದಲ ಮೂರು ಗೇಮ್ ಕಾಶಿ ಸೋತ. ನಾಲ್ಕನೆಯದರಲ್ಲಿ ಅನಿಲ, "ಇನ್ನೊಂದು ಪಾಯಿಂಟ್ ಬಂದ್ರ ಗೇಮ್ ಸಾವಕಾರ್ರದು," ಎಂದು ಕೂಗಿದ. ಇಂಜಿನಿಯರು ಚೆಂಡನ್ನು ಬಲೆಯ ಹತ್ತಿರವೇ ಬೀಳಿಸಿದ. ಕಾಶಿ ಓಡಿ ಬಂದು ಹೊಡೆದ. ಹೊಡೆದ ಕೂಡಲೇ ಒದ್ದೆ ಕಲ್ಲು ಅವನ ಕಾಲು ಸೆಳೆಯಿತು. ಎಲುಬು ಮುರಿದ ಸದ್ದು ನನಗೆ ಗೋಡೆಯ ತನಕ ಕೇಳಿತು. ಚೆಂಡು ಇಂಜಿನಿಯರನ ಹೆಗಲು ದಾಟಿ ಬಂದು ನನ್ನೆದುರಿನ ಗೆರೆಯ ಮೇಲೆ ಬಿತ್ತು. ಸುಣ್ಣ ಬೆರಳಗಲ ಅಳಿಸಿಹೋಯಿತು. ಗೆರೆ ಮುಟ್ಟಿದ ಚೆಂಡು ಒಳಗಿನದೇ ಎಂದು ಅನಿಲ ಕಲಿಸುವಾಗ ನಾನೂ ಕೇಳಿದ್ದೆ.

"ಔಟ್," ಎಂದ ಇಂಜಿನಿಯರು.

ಅನಿಲ ಗೆರೆಯ ಹತ್ತಿರವೇ ನಿಂತಿದ್ದ. ಮೆಲ್ಲಗೆ ಬಂದು ಸುಣ್ಣ ಅಳಿಸಿದ ಜಾಗದ ಮೇಲೆ ಪಾದ ಇಟ್ಟ.

ಹೈದರಾಬಾದಿನಲ್ಲಿ ಸೊಂಟಕ್ಕೆ ರಾಡು ಹಾಕಿದರು. ಇನ್ನು ಕೋಲಿನ ನಡಿಗೆಯೇ, ಓಟವಿಲ್ಲ ಎಂದರು. ಮನೆಗೆ ತಂದ ಮೇಲೆ ಅನಿಲ ನೋಡಲು ಬಂದ. ಕಾಶಿ ಅವನ ಕೈ ಹಿಡಿದ. ಅವನಿಗೆ 'ರಿ' ಹಚ್ಚಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

"ಮಾಸ್ತರ್ರ, ಖರೇ ಹೇಳ್ರಿ. ಚೆಂಡು ಒಳಗ ಬಿತ್ತಲ್ರೀ?"

"ಹೊರಗ ಬಿತ್ರಿ," ಎಂದ ಅನಿಲ. "ಒಂದು ಗೇಣು ಹೊರಗ."

ಕಾಶಿ ನನ್ನ ಕಡೆ ತಿರುಗಿದ. "ಅಕ್ಕಾ, ನೀ ಅಲ್ಲೇ ನಿಂತಿದ್ದಿ."

ಗಂಜಿಯ ಚಮಚ ಅವನ ಬಾಯಿಗಿಟ್ಟೆ.

"ಎರಡು ಗೇಣು ಇದ್ದೀತಪ್ಪ," ಎಂದೆ.