ತಹಶೀಲ್ದಾರರ ರೇಡಿಯೊ ಕಿರುಚಿದ ಸಂಜೆ

ಠಾಣೆಯ ಫೌಜದಾರರು ನಮ್ಮ ಅಂಗಡಿಯ ಮುಂದೆ ಬಂದು ನಿಂತಾಗ ಮೊದಲು ನೋಡಿದ್ದು ಅಪ್ಪನನ್ನಲ್ಲ, ಮೇಲೆ ಮಾಳಿಗೆಯನ್ನು. ಅಲ್ಲಿಂದ ಹಿತ್ತಲ ಬೇವಿನ ಮರದವರೆಗೆ ನಾನು ಎಳೆದಿದ್ದ ತಾಮ್ರದ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ಅವರ ಹಿಂದೆ ಒಬ್ಬ ಜವಾನ ಲಾಠಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಅಪ್ಪ ಗಿರಾಕಿಯೊಬ್ಬರಿಗೆ ಜೋಳ ತೂಗುತ್ತಿದ್ದರು. ತಕ್ಕಡಿಯನ್ನು ಹಾಗೇ ಕೆಳಗಿಟ್ಟು ಎದ್ದು ನಿಂತರು.

"ಸಾವಕಾರ್ರ, ಈ ತಂತಿ ಯಾರು ಕಟ್ಯಾರ?"

"ನಮ್ಮ ಹುಡುಗ ಕಟ್ಯಾನ್ರೀ ಸಾಹೇಬ್ರ. ಸಾಲಿ ಕಲೀತಾನ. ಅದೇನೋ ರೇಡಿಯೊ ಅಂತ ಆಟ ಆಡ್ತಾನ."

"ಆಟನೋ ಏನೋ ನೋಡಬೇಕಾಗ್ಯದ. ಊರಾಗ ಯಾರೋ ಕದ್ದು ವಾಯರ್‌ಲೆಸ್ ಇಟ್ಟಾರಂತ ತಕರಾರು ಬಂದದ."

ನಾನು ಒಳಗಿನ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೆ. ಗಿರಾಕಿ ಜೋಳದ ಚೀಲವನ್ನು ಅಲ್ಲೇ ಬಿಟ್ಟು, ಆಮೇಲೆ ಬರುತ್ತೇನೆಂದು ಮೆಲ್ಲನೆ ಜಾರಿಕೊಂಡರು. ಅಪ್ಪನ ಮುಖದ ಬಣ್ಣ ಹೋಗಿತ್ತು.

ಅವರ ಹೆದರಿಕೆಗೆ ಕಾರಣವಿತ್ತು. ಪೊಲೀಸ್ ಆ್ಯಕ್ಷನ್ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು, ನಿಜ. ಆದರೆ ಅದಕ್ಕೂ ಮುಂಚಿನ ರಜಾಕಾರರ ಗದ್ದಲದಲ್ಲಿ ಯಾರೋ ಠಾಣೆಗೆ ಹೋಗಿ ನಮ್ಮ ಮೇಲೆ ಏನೋ ಹೇಳಿದ್ದರು. ಮರುದಿನವೇ ಖಾಕಿ ತೊಟ್ಟವರು ಬಂದು ನಮ್ಮ ಅಂಗಡಿಯ ಬಾಗಿಲು ಒಡೆದು ಕಾಳೆಲ್ಲ ಹೊತ್ತೊಯ್ದರು. ನಾವು ಮೊದಲು ಗುಂಜೋಟಿಯ ಹೊಲದ ಕೊಟ್ಟಿಗೆಯಲ್ಲಿ, ಆಮೇಲೆ ಗಡಿ ದಾಟಿ ಸೊಲ್ಲಾಪುರದಲ್ಲಿ ಪರರ ಪಡಸಾಲೆಯಲ್ಲಿ ದಿನ ಕಳೆದಿದ್ದೆವು. ನಮ್ಮೂರು ಉಮರ್ಗಾಕ್ಕೆ ಮರಳಿ ಬಂದ ಮೇಲೂ ಅಪ್ಪ ಖಾಕಿ ಬಟ್ಟೆ ಕಂಡರೆ ಮಾತು ಮರೆಯುತ್ತಿದ್ದರು.

ನನಗೆ ರೇಡಿಯೊ ಹುಚ್ಚು ಹಿಡಿದದ್ದು ಪೊಲೀಸ್ ಆ್ಯಕ್ಷನ್ ಆಗಿ ನಾವು ಮರಳಿ ಬಂದ ಹೊಸತರಲ್ಲಿ. ಮಿಲಿಟರಿಯವರ ಒಂದು ತುಕಡಿ ನಮ್ಮ ಶಾಲೆಯ ಬಯಲಲ್ಲಿ ಡೇರೆ ಹಾಕಿತ್ತು. ಅದರಲ್ಲೊಬ್ಬ ವಾಯರ್‌ಲೆಸ್ ಸಿಪಾಯಿ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದ. ಎಲ್ಲೋ ದೂರದ ಮನುಷ್ಯ ಇವನ ಕಿವಿಯಲ್ಲಿ ಮಾತಾಡುತ್ತಾನೆ ಎಂಬುದು ನನಗೆ ತಡೆಯಲಾರದ ಆಶ್ಚರ್ಯ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಡೇರೆ ಕಿತ್ತು ಹೊರಡುವ ದಿನ ಅವನು ಒಂದು ಕಿವಿ ಸತ್ತುಹೋಗಿದ್ದ ಹಳೆಯ ಹೆಡ್‌ಫೋನ್ ಒಂದನ್ನು ನನ್ನ ಕೊರಳಿಗೆ ಹಾಕಿ ನಕ್ಕು ಲಾರಿ ಹತ್ತಿದ.

ಅದಕ್ಕೆ ತಕ್ಕ ರೇಡಿಯೊ ಮಾಡಲು ನನಗೆ ಹೈಸ್ಕೂಲು ಮುಗಿಯುತ್ತ ಬರಬೇಕಾಯಿತು. ಉದಗೀರದ ಸೋದರಮಾವ ರೇಡಿಯೊ ರಿಪೇರಿ ಅಂಗಡಿಯಿಂದ ಒಂದು ಹಳೆಯ ಗಾಜಿನ ವಾಲ್ವು ಬೇಡಿ ತಂದುಕೊಟ್ಟರು. ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ನಳಿಗೆಗೆ ತಂತಿ ಸುತ್ತಿ ದೊಡ್ಡ ಸುರುಳಿ ಮಾಡಿದೆ. ಅದರೊಳಗೆ ಹೋಗಿಬರುವಂತೆ ಬಿದಿರುಕಡ್ಡಿಯ ತುದಿಗೆ ಒಂದು ಚಿಕ್ಕ ಸುರುಳಿ. ಎಲ್ಲವನ್ನೂ ಒಂದು ಹಲಗೆಗೆ ಮೊಳೆ ಹೊಡೆದು ಕೂರಿಸಿದೆ. ಊರಿಗೆ ಆಗ ಕರೆಂಟು ಬಂದಿರಲಿಲ್ಲ, ಬ್ಯಾಟರಿಯೇ ಗತಿ. ನಮ್ಮ ಹಿಂದಿನ ಓಣಿಯಲ್ಲಿ ತಹಶೀಲ್ದಾರರ ಮನೆ. ಅವರಲ್ಲಿ ಬ್ಯಾಟರಿಯ ದೊಡ್ಡ ರೇಡಿಯೊ ಇತ್ತು. ಅದಕ್ಕೆ ಸಾಲದೆಂದು ತೆಗೆದಿಟ್ಟ ಹಳೆಯ ಬ್ಯಾಟರಿಯನ್ನು ಅವರ ಹೆಂಡತಿ ಬಾಯಿಸಾಹೇಬರನ್ನು ಕೇಳಿ ತಂದಿದ್ದೆ. ಅವರ ರೇಡಿಯೊಗೆ ಸತ್ತಿದ್ದ ಬ್ಯಾಟರಿ ನನ್ನ ಒಂದೇ ವಾಲ್ವಿಗೆ ಜೀವ ಕೊಟ್ಟಿತು.

ಸಂಜೆಯಾಗುತ್ತಲೇ ಹೈದರಾಬಾದ್ ಸ್ಟೇಷನ್ ಕೇಳುತ್ತಿತ್ತು. ಬಿದಿರುಕಡ್ಡಿಯನ್ನು ಒಳಗೆ ತಳ್ಳಿದಷ್ಟೂ ದನಿ ಏರುತ್ತಿತ್ತು. ಮಿತಿ ಮೀರಿ ತಳ್ಳಿದರೆ ದನಿ ಮಾಯವಾಗಿ ಕಿವಿಯಲ್ಲಿ ಚೂಪಾದ ಸಿಳ್ಳೆ ಏಳುತ್ತಿತ್ತು. ಆ ಸಿಳ್ಳೆ ನನ್ನ ಕಿವಿಯೊಳಗಷ್ಟೇ ಇದೆ ಎಂದು ನಾನು ತಿಳಿದಿದ್ದೆ.

ಆ ದಿನ ಫೌಜದಾರರು ಮೆಟ್ಟಿಲು ಹತ್ತಿ ನನ್ನ ಮಾಳಿಗೆಯ ಕೋಣೆಗೆ ಬಂದರು. ಹಲಗೆಯ ಸುತ್ತ ಒಂದು ಸುತ್ತು ಹಾಕಿ, ಹೆಡ್‌ಫೋನ್ ಎತ್ತಿ ತಿರುಗಿಸಿ ನೋಡಿದರು. ಅದರ ಬೆನ್ನಿಗೆ ಮಿಲಿಟರಿಯ ಬಾಣದ ಗುರುತಿತ್ತು.

"ಇದು ಫೌಜಿನ ಮಾಲು. ನಿನ್ನ ಕೈಗೆ ಹ್ಯಾಂಗ ಬಂತು?"

"ಸಿಪಾಯಿ ಕೊಟ್ಟಾನ್ರೀ. ಕೆಟ್ಟಿತ್ತು ಅಂತ ಕೊಟ್ಟಾನ."

"ಯಾವ ಸಿಪಾಯಿ? ಹೆಸರೇನು? ಈಗ ಎಲ್ಲಿದ್ದಾನ?"

ನನಗೆ ಯಾವುದೂ ಗೊತ್ತಿರಲಿಲ್ಲ. ಕದ್ದ ಮಾಲು ಎಂದು ಬರೆದುಕೊಂಡರೆ ನನ್ನ ಪರ ಹೇಳುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ತಹಶೀಲ್ದಾರರೇ ಬಂದರು. ತಕರಾರು ಅವರದೇ ಎಂದು ಆಗ ತಿಳಿಯಿತು. ಬಿಗಿ ಕಾಲರಿನ ಕೋಟು, ಸಿಡುಕು ಮುಖ, ಮರಾಠಿ ಬೆರೆತ ಕನ್ನಡ.

"ರೋಜ್ ಸಂಜಿಗಿ ಬಾತಮಿ ಕೇಳಾಕ ಕೂತ್ರ ಸಾಕು, ನನ್ನ ರೇಡಿಯೊ ಕಿರಚತದ. ಮೆಕ್ಯಾನಿಕ್‌ಗ ತೋರಿಸ್ದೆ. ರೇಡಿಯೊ ಠೀಕ್ ಅದ, ಸಮೀಪ ಯಾರೋ ವಾಯರ್‌ಲೆಸ್ ನಡಸ್ಲತಾರ ಅಂದ."

"ಇದು ಬರೀ ಕೇಳ್ತದರೀ ಸಾಹೇಬ್ರ," ಎಂದೆ. "ಕಳಸಂಗಿಲ್ಲ."

"ಹಂಗಾದ್ರ ಕೇಳಿಸು," ಎಂದರು ಫೌಜದಾರರು.

ಹಗಲಿನಲ್ಲಿ ನನ್ನ ಸೆಟ್ಟಿಗೆ ಏನೂ ಸಿಗುತ್ತಿರಲಿಲ್ಲ. ಹೊತ್ತು ಮುಳುಗಲಿ ಎಂದು ಬೇಡಿಕೊಂಡೆ. ಫೌಜದಾರರು ಒಪ್ಪಿದರು, ಆದರೆ ಜವಾನನನ್ನು ಕೋಣೆಯ ಬಾಗಿಲಿಗೆ ಕೂರಿಸಿ ಹೋದರು. ಅಪ್ಪ ಅಂಗಡಿಯ ಬಾಗಿಲ ಹಲಗೆಗಳನ್ನು ಹಾಕಿ ಮೇಲೆ ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಅವ್ವ ಜವಾನನಿಗೂ ನಮಗೂ ಚಹಾ ತಂದಿಟ್ಟಳು. ಜವಾನನ ಲೋಟವೊಂದೇ ಖಾಲಿಯಾಯಿತು.

"ತಮ್ಮಾ, ಖರೇ ಹೇಳು," ಅಪ್ಪ ಪಿಸುದನಿಯಲ್ಲಿ ಕೇಳಿದರು. "ಇದು ಬರೀ ಕೇಳ್ತದ ಹೌದಿಲ್ಲೊ?"

"ಹೌದಪ್ಪಾ. ಆಣೆ ಮಾಡಿ ಹೇಳ್ತೀನಿ."

ಅವರು ಕೊರಳ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡರು.

ಸೂರ್ಯ ಮುಳುಗುವ ಹೊತ್ತಿಗೆ ಫೌಜದಾರರು ಮರಳಿದರು. ತಹಶೀಲ್ದಾರರು ತಮ್ಮ ಮನೆಯಲ್ಲೇ ಕೂತು ರೇಡಿಯೊ ಹಚ್ಚಿದ್ದರು. ಅವರ ಕಿಟಕಿ ತೆರೆದಿತ್ತು. ಸಂಜೆಯ ವಾರ್ತೆ, ಅವರ ಬಾತಮಿ, ಓದುವ ದನಿ ಓಣಿ ದಾಟಿ ನಮ್ಮ ಕೋಣೆಗೂ ಸಣ್ಣಗೆ ಕೇಳುತ್ತಿತ್ತು. ನಾನು ವಾಲ್ವಿಗೆ ಬ್ಯಾಟರಿಯ ತಂತಿ ಕೊಟ್ಟೆ. ಗಾಜಿನೊಳಗೆ ಕೆಂಡದ ಎಳೆಯಂಥ ಮಬ್ಬು ಬೆಳಕು ಮೂಡಿತು. ಹೆಡ್‌ಫೋನಿನ ಬದುಕಿದ್ದ ಕಿವಿಯನ್ನು ಫೌಜದಾರರ ಕಿವಿಗೆ ಹಿಡಿದು ಕಡ್ಡಿಯನ್ನು ಮೆಲ್ಲನೆ ಒಳಗೆ ಸರಿಸಿದೆ.

ಅವರ ಹುಬ್ಬು ಮೇಲೇರಿತು. ಓಣಿಯಾಚೆ ಕೇಳುತ್ತಿದ್ದ ದನಿಯೇ ಅವರ ಕಿವಿಯಲ್ಲೂ ಕೇಳುತ್ತಿತ್ತು.

"ಅರೇ! ಮಾತಾಡ್ಲತದ!" ಎಂದರು. ಅವರ ಮುಖ ಒಮ್ಮೆಲೇ ಸಡಿಲವಾಯಿತು. "ಸಾವಕಾರ್ರ, ನಿಮ್ಮ ಹುಡುಗ ಹುಷಾರಿದ್ದಾನ. ಇದು ಬರೀ ಕೇಳೋದೇ ಅದ."

ಅಪ್ಪ ಗೋಡೆಗೆ ಒರಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಲ್ಲಿಗೇ ಮುಗಿಯಬಹುದಿತ್ತು.

"ಸ್ವಲ್ಪ ಜೋರ್ ಮಾಡು, ಲೇ," ಎಂದರು ಫೌಜದಾರರು ಉತ್ಸಾಹದಿಂದ.

ನಾನು ಕಡ್ಡಿಯನ್ನು ತಳ್ಳಿದೆ. ಹದ ತಪ್ಪಿತು. ಸಿಳ್ಳೆ ಚುಚ್ಚಿ ಫೌಜದಾರರು ಹೆಡ್‌ಫೋನನ್ನು ಕಿವಿಯಿಂದ ಕಿತ್ತರು. ಅದೇ ಕ್ಷಣಕ್ಕೆ ಓಣಿಯಾಚೆಯ ಕಿಟಕಿಯಿಂದ ಚೂರಿಯಂಥ ಕಿರುಚು ಹೊರಬಿತ್ತು. ಬಾತಮಿಯ ದನಿ ಅದರಡಿ ಮುಳುಗಿಹೋಯಿತು.

ಬೆಚ್ಚಿಬಿದ್ದು ಕಡ್ಡಿಯನ್ನು ಎಳೆದೆ. ಕಿರುಚು ನಿಂತಿತು.

ಫೌಜದಾರರು ಒಮ್ಮೆ ಕಿಟಕಿಯತ್ತ, ಒಮ್ಮೆ ನನ್ನ ಕೈಯತ್ತ ನೋಡಿದರು.

"ಇನ್ನೊಮ್ಮೆ ಮಾಡು."

ಅಪ್ಪನ ಕಣ್ಣು ನನ್ನ ಮೇಲಿತ್ತು. ಕಡ್ಡಿಯನ್ನು ಸ್ವಲ್ಪವೇ ತಳ್ಳಿ, ಇಷ್ಟೇ ಎಂದುಬಿಡಬಹುದಿತ್ತು. ಹದ ನನಗೊಬ್ಬನಿಗೇ ಗೊತ್ತು. ಆದರೆ ಆ ಕಿರುಚು ನಿಜಕ್ಕೂ ನನ್ನ ಹಲಗೆಯಿಂದ ಹೋಯಿತೇ ಎಂಬ ಪ್ರಶ್ನೆ ಹೆದರಿಕೆಗಿಂತ ಬಲವಾಗಿ ನನ್ನನ್ನು ಹಿಡಿದಿತ್ತು. ತಳ್ಳಿದೆ. ಓಣಿಯಾಚೆ ರೇಡಿಯೊ ಮತ್ತೆ ಕಿರುಚಿತು. ಎಳೆದೆ, ನಿಂತಿತು.

"ನಂದೇ ಅದರೀ ಸಾಹೇಬ್ರ," ಎಂದೆ. "ಆ ಸಿಳ್ಳಿ ನನ್ನ ಸೆಟ್ಟಿಂದೇ ಹೊಂಟದ. ನನಗ ಈಗ ಗೊತ್ತಾಯ್ತು."

ತಹಶೀಲ್ದಾರರು ಕೋಟಿಲ್ಲದೆ, ಬನಿಯನ್ನಿನಲ್ಲೇ ಓಣಿ ದಾಟಿ ನಮ್ಮ ಮೆಟ್ಟಿಲು ಹತ್ತಿ ಬಂದರು. "ಸಾಪಡಲಾ! ಸಿಕ್ಕನಲ್ಲ!" ಎಂದು ಕೂಗಿದರು.

"ಕಳಸಂಗಿಲ್ಲ ಅಂದಿದ್ದಿ," ಎಂದರು ಫೌಜದಾರರು. ದನಿಯಲ್ಲಿ ಈಗ ಸಲಿಗೆ ಇರಲಿಲ್ಲ.

"ಮಾತು ಹೋಗಂಗಿಲ್ಲರೀ. ಈ ಸಣ್ಣ ಸುರುಳಿ ಭಾಳ ಒಳಗ ಹೋದ್ರ ಬರೀ ಸಿಳ್ಳಿ ಏಳತದ. ಅದೂ ಓಣಿ ದಾಟಿದ್ರ ಹೆಚ್ಚು."

"ಫೌಜಿನವರು ಸಿಳ್ಳಿ ಮ್ಯಾಲೇ ಖಬರ್ ಕಳಸ್ತಾರ, ಗೊತ್ತದೇನು? ಟಿಕ್ ಟಿಕ್ ಅಂತ?"

ಡೇರೆಯ ಆ ಸಿಪಾಯಿ ಬೆರಳಿನಿಂದ ಹಾಗೆ ಕುಟ್ಟುತ್ತಿದ್ದುದನ್ನು ನಾನೇ ಕಂಡಿದ್ದೆ. ಜವಾನ ಒಳಗೆ ಬಂದು ನನ್ನ ತೋಳು ಹಿಡಿದ.

ಆಗ ಅಪ್ಪ ಮುಂದೆ ಬಂದರು. ಖಾಕಿಯ ಮುಂದೆ ಅವರು ತಲೆ ಎತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸಾಹೇಬ್ರ, ಕದ್ದು ಖಬರ್ ಕಳಸಾಂವ ಇದ್ರ ಊರೆಲ್ಲ ಕಾಣೋಹಂಗ ತಂತಿ ಕಟ್ತಿದ್ನೇನ್ರೀ? ನಿಮ್ಮ ಕಿವಿಗೆ ಕೊಟ್ಟು ತೋರಸ್ತಿದ್ನೇನ್ರೀ? ನೀವು ಇನ್ನೊಮ್ಮೆ ಮಾಡು ಅಂದ್ರಿ. ಅಂವಾ ಸುಳ್ಳು ಮಾಡಬಹುದಿತ್ತು, ಮಾಡ್ಲಿಲ್ಲ. ಹಿಂದ ಒಮ್ಮೆ ಯಾರದೋ ಒಂದು ಮಾತಿಗೆ ನನ್ನ ಮನಿ ಹಾಳಾತು. ಆವಾಗ ಯಾರೂ ನನ್ನ ಕೇಳಲಿಲ್ಲ. ನೀವು ಕೇಳ್ರಿ."

ತಹಶೀಲ್ದಾರರು ಅಪ್ಪನನ್ನು ನೋಡಿದರು, ಆಮೇಲೆ ತಮ್ಮ ಬನಿಯನ್ನನ್ನು ನೋಡಿಕೊಂಡರು. ಹಲಗೆಯ ಬಳಿ ಬಾಗಿ, ತಮ್ಮದೇ ಹಳೆಯ ಬ್ಯಾಟರಿಯನ್ನು ಗುರುತಿಸಿದರು.

"ಇದು ನಮ್ಮ ಮನೀದಲ್ಲೇನು?"

"ಬಾಯಿಸಾಹೇಬ್ರು ಕೊಟ್ಟಾರ್ರೀ."

ಅವರು ನಕ್ಕೇನೂ ಬಿಡಲಿಲ್ಲ. ಆದರೆ ಜವಾನನಿಗೆ ಕೈ ಬಿಡು ಎಂದರು. "ಇದು ಕಿರಚದಂಗ ಮಾಡಾಕ ಆಗ್ತದೇನು?"

ಆ ಕ್ಷಣದಲ್ಲಿ ಹೊಳೆದದ್ದನ್ನೇ ಮಾಡಿದೆ. ಬಿದಿರುಕಡ್ಡಿಗೆ ಅದರ ಹದದ ಜಾಗದಲ್ಲಿ ದಾರವನ್ನು ದಪ್ಪಗೆ ಸುತ್ತಿ ಗಂಟು ಹಾಕಿದೆ, ಅದಕ್ಕಿಂತ ಒಳಗೆ ಹೋಗದಂತೆ. ಫೌಜದಾರರು ತಾವೇ ಕಡ್ಡಿ ಹಿಡಿದು ಬಲವಾಗಿ ತಳ್ಳಿದರು. ಗಂಟು ತಡೆಯಿತು. ಓಣಿಯಾಚೆ ಬಾತಮಿ ಮುಗಿದು ಯಾರೋ ಹಾಡುತ್ತಿದ್ದರು. ಹಾಡು ಕೆಡಲಿಲ್ಲ. ಅವರು ಇನ್ನೊಮ್ಮೆ ತಳ್ಳಿ ನೋಡಿದರು. ಕೆಡಲಿಲ್ಲ.

ತಹಶೀಲ್ದಾರರು ಮನೆಗೆ ಹೋದರು. ಫೌಜದಾರರು ಹೆಡ್‌ಫೋನನ್ನು ಸುತ್ತಿ ಕಿಸೆಗೆ ಹಾಕಿಕೊಂಡರು.

"ಇದು ಸರ್ಕಾರಿ ಮಾಲು, ಬಿಡಾಕ ಬರಂಗಿಲ್ಲ. ರೇಡಿಯೊ ಇಡಬೇಕಾದ್ರ ಪೋಸ್ಟಿನಾಗ ಲೈಸನ್ಸ್ ತಗೋ. ಮತ್ತ ಕಿರಚಿದ್ರ ಹಲಿಗಿ, ನೀ, ಇಬ್ರೂ ಠಾಣೇಕ."

ಅವರು ಇಳಿದು ಹೋದ ಮೇಲೆ ಅವ್ವ ನನ್ನ ತಲೆ ಸವರಿ ಅತ್ತಳು. ಅಪ್ಪ ನೆಲದ ಮೇಲೆ ಕೂತುಬಿಟ್ಟರು, ಬಹಳ ಹೊತ್ತು ಏಳಲಿಲ್ಲ. ನನ್ನ ಹೆದರಿಕೆಯೊಳಗೆ ಮಾತ್ರ ಒಂದು ಹಿಗ್ಗು ಇತ್ತು, ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಕೇಳುವುದಕ್ಕೆಂದು ಮಾಡಿದ ಹಲಗೆಯಿಂದ ಏನೋ ಒಂದು ಹೊರಟು, ಗೋಡೆ ದಾಟಿ, ಓಣಿ ದಾಟಿ ಇನ್ನೊಬ್ಬರ ಮನೆಯನ್ನು ಮುಟ್ಟಿತ್ತು.

ಬೆಳಿಗ್ಗೆ ತಂತಿ ಬಿಚ್ಚಲು ಮಾಳಿಗೆ ಹತ್ತಿದೆ. ಕೆಳಗಿನಿಂದ ಅಪ್ಪ ಕೂಗಿದರು: "ಇರಲಿ ಬಿಡು."

"ಇರಲಿ ಅಂದ್ರ?" ಅವ್ವ ಗಾಬರಿಯಾಗಿ ಕೇಳಿದಳು.

"ಬಿಚ್ಚಿದ್ರ ತಪ್ಪು ಮಾಡಿದಂಗ ಕಾಣ್ತದ," ಎಂದರು.

ಲೈಸನ್ಸನ್ನು ಅವರೇ ತಂದರು. ಆದರೆ ಕಿವಿಗೆ ಹಾಕಲು ಹೆಡ್‌ಫೋನೇ ಇಲ್ಲದೆ ಸೆಟ್ಟು ಒಂದು ಮಳೆಗಾಲವಿಡೀ ಮೂಕವಾಗಿ ಕೂತಿತು. ದಸರೆಯ ರಜೆಗೆ ಉದಗೀರಕ್ಕೆ ಹೋದಾಗ ಮಾವ ಹಳೆಯ ಟೆಲಿಫೋನಿನ ಒಂದು ಕೇಳುವ ಬಟ್ಟಲನ್ನು ಗುಜರಿಯಲ್ಲಿ ಹುಡುಕಿ ಕೊಟ್ಟರು. ಅದು ಹೊಂದುತ್ತದೋ ಇಲ್ಲವೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಿರುತಿರುಗಿಸಿ ನೋಡಿದೆ. ಹೊಂದಿತು.

ಸಂಜೆ ಉದ್ದನೆಯ ತಂತಿ ಕೊಟ್ಟು ಬಟ್ಟಲನ್ನು ಕೆಳಗೆ ಅಂಗಡಿಗೆ ಇಳಿಸಿ ಅಪ್ಪನ ಕೈಗಿಟ್ಟೆ. ಅವರು ಜೋಳದ ಚೀಲದ ಮೇಲೆ ಕೂತು ಅದನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಯಾರೋ ಬಂದು "ಸಾವಕಾರ್ರ, ತೊಗರಿ ಅದೇನ್ರೀ?" ಎಂದು ಕೇಳಿದರು. ಅಪ್ಪ ಕಣ್ಣು ತೆರೆಯದೆ, ಸ್ವಲ್ಪ ತಡೆಯಿರಿ ಎಂಬಂತೆ ಕೈ ಎತ್ತಿದರು.